ಕ್ಲಾಂಪಿನ ಮೇಲಿನ ಹಳದಿ ಗೆರೆ

ಇಳಕಲ್
ಭಾನುವಾರ, 9 ಫೆಬ್ರವರಿ 2025

ಪೂಜ್ಯ ಹೊಳಬಸಪ್ಪ ಭಾವನವರಿಗೆ,

ನಿಮ್ಮ ತಮ್ಮನ ಹೆಂಡತಿ ಪ್ರಿಯದರ್ಶಿನಿ ಕಾಲು ಮುಟ್ಟಿ ನಮಸ್ಕರಿಸಿ ಬರೆಯುತ್ತಿದ್ದೇನೆ. ನಿಮ್ಮ ಸೊಂಟದ ನೋವು ಈಗ ಹೇಗಿದೆ? ಹುನಗುಂದದ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಲಾರಿಗಳ ಕೆಳಗೆ ಬರೀ ನೆಲದ ಮೇಲೆ ಮಲಗಿ ಬಂದ ನೋವು ಅದು. ಈಗ ಚೊಳಚಗುಡ್ಡದಲ್ಲಿ ಎಲೆಬಳ್ಳಿ ತೋಟದ ಕೆಲಸಕ್ಕೆ ಹೋಗುತ್ತೀರಿ, ದಿನವಿಡೀ ಬಳ್ಳಿ ಕಟ್ಟುತ್ತೀರಿ ಎಂದು ನಿಮ್ಮ ಗ್ಯಾರೇಜಿನ ಹುಡುಗ ಅಫ್ಸರ ಬಂದು ಹೇಳಿದ. ಬಗ್ಗಿ ಎದ್ದು ಮಾಡುವ ಆ ಕೆಲಸದಿಂದ ನೋವು ಕಡಿಮೆಯಾಯಿತೋ ಹೆಚ್ಚಾಯಿತೋ ನನಗೆ ತಿಳಿಯದು. ತೋಟದಲ್ಲಿ ಸದಾ ನೀರು ನಿಂತಿರುತ್ತದಂತೆ, ಬೆಳಗಿನ ಹೊತ್ತು ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಊಟಕ್ಕೆ ಏನು ಮಾಡುತ್ತೀರಿ? ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ ತಂದು ಮಾರುವ ಹೆಣ್ಣುಮಕ್ಕಳ ಕಡೆ ಉಣ್ಣುತ್ತೀರೇನೋ. ಅವರ ಕೆಂಪು ಚಟ್ನಿ ನಿಮ್ಮ ಹೊಟ್ಟೆಗೆ ಆಗುವುದಿಲ್ಲ. ಮೊಸರು ಹೆಚ್ಚು ಹಾಕಿಸಿಕೊಳ್ಳಿ.

ಇಲ್ಲಿ ಅವ್ವ ಹಾಗೇ ಇದ್ದಾರೆ. ಎಡಗಣ್ಣು ಮಂಜಾಗಿದೆ, ಬಾಗಲಕೋಟೆಗೆ ಹೋಗಿ ತೋರಿಸೋಣ ಅಂದರೆ ಕೇಳುವುದಿಲ್ಲ. ‘ನೋಡೋದು ಏನ್ ಉಳದೈತಿ’ ಅನ್ನುತ್ತಾರೆ. ಆದರೂ ಕೊಂಡಿ ಹಾಕುವ ಕೆಲಸ ಬಿಟ್ಟಿಲ್ಲ. ಓಣಿಯಲ್ಲಿ ಯಾರ ಮಗ್ಗದಲ್ಲಿ ಸೆರಗು ಕೂಡಿಸುವುದಿದ್ದರೂ ಈಗಲೂ ಲಕ್ಕವ್ವನನ್ನೇ ಕರೆಯುತ್ತಾರೆ. ಸೀರೆಯ ಮೈಯ ಉದ್ದೆಳೆಗಳ ಹಾಸು ಮುಗಿದು ಸೆರಗಿನ ರೇಷ್ಮೆ ಹಾಸು ಶುರುವಾಗುವಲ್ಲಿ ಒಂದೊಂದೇ ಎಳೆಯನ್ನು ಕುಣಿಕೆ ಮಾಡಿ ಕೂಡಿಸುತ್ತ ಕೂತರೆ ಕಣ್ಣಿನ ಮಂಜು ಅವರಿಗೆ ಅಡ್ಡ ಬರುವುದಿಲ್ಲ, ಬೆರಳುಗಳೇ ನೋಡುತ್ತವೆ. ಆ ಕೆಲಸ ಇದ್ದ ದಿನ ಮನೆಯಲ್ಲಿ ಯಾರೂ ತಲೆಗೆ ಎಣ್ಣೆ ಹಚ್ಚಬಾರದು ಎಂಬ ಅವರ ಕಟ್ಟಳೆ ನಿಮಗೆ ಗೊತ್ತೇ ಇದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಗೊತ್ತಿಲ್ಲದೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಎಳೆ ಹಿಡಿಯಲು ಹೋಗಿ ಬೈಸಿಕೊಂಡಿದ್ದೆ. ‘ಲಾಳಿ ಓಡಾಕ ಎಣ್ಣಿ ಬೇಕವಾ, ಕೊಂಡಿ ಕೂಡಾಕ ಒಣಾ ಕೈ ಬೇಕು’ ಅಂದಿದ್ದರು. ನಿಮ್ಮ ತಮ್ಮ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಗುತ್ತಿದ್ದರು. ಗಂಡಸರು ಲಾಳಿ ಒಗೆಯುವವರು, ಈ ಮಾತು ಅವರ ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿರಲಿಲ್ಲ.

ಫೋನು ಬಂದ್ ಮಾಡಿಟ್ಟಿದ್ದೀರಿ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಂಕ್ರಾಂತಿ ಮುಗಿದ ಮೇಲೆ ಅಫ್ಸರ ನಿಮ್ಮನ್ನು ಹುಡುಕಿಕೊಂಡು ಬಂದಿದ್ದ. ನೀವು ಅವನನ್ನು ದೂರದಿಂದ ನೋಡಿ ಬಳ್ಳಿಗಳ ಸಾಲಿನೊಳಗೆ ಹೋದವರು ಸಂಜೆಯಾದರೂ ಹೊರಗೆ ಬರಲಿಲ್ಲವಂತೆ. ತೋಟದ ಮಾಲೀಕರ ಮನೆಯಲ್ಲಿ ಚಹಾ ಕುಡಿದು ತಿರುಗಿ ಬಂದ. ಅವನಿಗೆ ಬೇಜಾರಾಗಿತ್ತು, ಆದರೆ ಅವನ ಸ್ವಭಾವ ನಿಮಗೆ ಗೊತ್ತಲ್ಲ, ಕಣ್ಣಲ್ಲಿ ನೀರಿದ್ದರೂ ಬಾಯಲ್ಲಿ ಚೇಷ್ಟೆ. ‘ವೈನಿ, ನಮ್ಮ ಉಸ್ತಾದ ಬಳ್ಳಿಗೂ ಕ್ಲಾಂಪ್ ಹಾಕ್ಯಾರ್ರಿ, ಗಾಳಿಗೆ ಒಂದೂ ಅಳಗ್ಯಾಡವಲ್ದು’ ಅಂದ. ಬಹಳ ತಿಂಗಳ ಮೇಲೆ ಅವ್ವ ಮುಖ ತಿರುಗಿಸಿಕೊಂಡು ನಕ್ಕಿದ್ದನ್ನು ನಾನು ನೋಡಿದೆ. ನಕ್ಕ ಮೇಲೆ ಒಳಗೆ ಹೋಗಿ ಅತ್ತರು.

ಭಾವ, ಈಗ ಬರೆಯಬೇಕಾದ್ದಕ್ಕೆ ಬರುತ್ತೇನೆ. ನಿಮ್ಮ ತಮ್ಮ ತೀರಿಹೋಗುವ ಹಿಂದಿನ ದಿನ ನಾನೂ ಹುನಗುಂದದ ಗ್ಯಾರೇಜಿಗೆ ಬಂದಿದ್ದೆ. ತವರಿನಿಂದ ತಿರುಗಿ ಬರುವಾಗ ಬಸ್ಸಿಳಿದು ನಿಮ್ಮ ಬೇವಿನ ಗಿಡದ ಕೆಳಗೆ ಕೂತಿದ್ದೆ, ಅವರ ಲಾರಿಯಲ್ಲೇ ಇಳಕಲ್ಲಿಗೆ ಹೋಗುವುದಿತ್ತು. ದೊಡ್ಡ ದೊಡ್ಡ ಗ್ರಾನೈಟ್ ಕಲ್ಲು ಎಳೆಯಲೆಂದು ಅವರು ಯಾರ ಕಡೆಯೋ ಎಂಜಿನ್ನಿಗೆ ಹೆಚ್ಚು ಡೀಸೆಲ್ ಬೀಳುವ ಹಾಗೆ ಪಂಪ್ ಏರಿಸಿಕೊಂಡಿದ್ದರು. ಅಂದಿನಿಂದ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದ ಗಾಳಿ ಹೆಚ್ಚಾಗಿ, ಅಲ್ಲಿಂದ ಮುಂದೆ ಆ ಗಾಳಿ ತಣಿಸುವ ಇಂಟರ್‌ಕೂಲರ್ ಜಾಳಿಗೆಗೆ ಹೋಗುವ ರಬ್ಬರ್ ಪೈಪು ಏರಿನಲ್ಲಿ ಮತ್ತೆ ಮತ್ತೆ ಕಳಚುತ್ತಿತ್ತು. ನೀವು ಕ್ಯಾಬಿನ್ ಎತ್ತಿ ಒಳಗೆ ತಲೆ ಹಾಕಿದವರು ಬೈಯುವುದಕ್ಕೆ ಶುರುಮಾಡಿದಿರಿ. ‘ಲೇ ಮುತ್ತೂ, ಪಂಪ್ ಏರಿಸಿದ್ಯಲ್ಲ, ಪೈಪಿಗೆ ಹೇಳಿ ಏರಿಸಿದಿ ಏನಲೇ? ಲೋಡ ಇದ್ದಾಗ ಈ ರಬ್ಬರ ಹಾವು ಕಪ್ಪಿ ನುಂಗಿದಂಗ ಉಬ್ಬತೈತಿ. ಒಳಗ ಸಣ್ಣ ಎಣ್ಣಿ ಪಸಿ ಇದ್ರೂ ಜಾರಿ ಬರತೈತಿ.’ ಲೋಹದ ಪೈಪಿನ ಬಾಯಿಯನ್ನೂ ರಬ್ಬರಿನ ಒಳಮೈಯನ್ನೂ ಥಿನ್ನರ್ ಹಾಕಿ ಒರೆಸಿದಿರಿ, ಒರೆಸಿದ ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿದಿರಿ. ರಬ್ಬರ್ ಬಿಗಿಯಾಗಿತ್ತು, ಹತ್ತುತ್ತಿರಲಿಲ್ಲ. ಅಫ್ಸರನಿಗೆ ಹೇಳಿ ಚಹಾದಂಗಡಿಯಿಂದ ಬಿಸಿನೀರು ತರಿಸಿ ಅದರ ತುದಿ ಅದ್ದಿ ಮೆತ್ತಗೆ ಮಾಡಿದಿರಿ, ಒಳಗೆಲ್ಲ ಒಣಗಿಸಿ ಒತ್ತಿದಿರಿ. ಹಳೆಯ ಸ್ಕ್ರೂ ಪಟ್ಟಿ ತೆಗೆದು ಬೋಲ್ಟ್ ಇರುವ ಅಗಲ ಕ್ಲಾಂಪ್ ಹಾಕಿದಿರಿ. ಪೈಪಿನ ತುದಿಗೆ ಉಂಗುರದ ಹಾಗೆ ಉಬ್ಬು ಇರುತ್ತದೆ, ಕ್ಲಾಂಪ್ ಆ ಉಬ್ಬಿನ ಮೇಲೆ ಕೂಡಬಾರದು, ಅದರ ಹಿಂದೆ ಕೂಡಬೇಕು, ರಬ್ಬರಿನ ಅಂಚಿಗೂ ಬರಬಾರದು ಎಂದು ನೀವು ಹೇಳಿದ್ದು ಗಿಡದ ಕೆಳಗೆ ಕೂತಿದ್ದ ನನಗೂ ತಿಳಿಯಿತು.

ಕೊನೆಗೆ ಬಣ್ಣದ ಡಬ್ಬಿ ತಂದು, ಪೈಪಿನಿಂದ ಕ್ಲಾಂಪಿನ ಮೇಲೆ ಹಾಯ್ದು ರಬ್ಬರಿನ ತನಕ ಒಂದೇ ಹಳದಿ ಗೆರೆ ಎಳೆದಿರಿ. ಎರಡೂ ತುದಿಗೆ ಎಳೆದಿರಿ. ನಿಮ್ಮ ಕೈಯಿಂದ ಹೋಗುವ ಎಲ್ಲ ಗಾಡಿಗೂ ಹಾಗೆ ಎಳೆಯುತ್ತೀರಂತೆ. ‘ಈ ಗೆರಿ ನೆಟ್ಟಗ ಇರೂತನಾ ಏನೂ ಸರದಿಲ್ಲ ಅಂತ ತಿಳಿ. ಮುರದ್ರ ನನ್ನ ಕಡೆ ಬಾ, ನೀ ಕೈ ಹಚ್ಚಬ್ಯಾಡ. ನಾಳಿ ಖಾಲಿ ಗಾಡಿ ಓಡಿಸ್ಕೊಂಡು ಬಾ, ಬಿಸಿ ಆಗಿ ಆರಿದ ಮ್ಯಾಲ ಇನ್ನೊಮ್ಮಿ ಬಿಗಿ ನೋಡಬೇಕು. ಅಲ್ಲೀತನಾ ಕಲ್ಲು ಹೇರಿದಿ ಅಂದ್ರ ಕಾಲ ಮುರಿತೇನಿ’ ಅಂದಿರಿ. ಅವರು, ‘ಆತ್ ಬಿಡೋ ಯಣ್ಣಾ, ನಿಂದೊಂದು ಪುರಾಣ’ ಅಂದರು. ದಾರಿಯುದ್ದಕ್ಕೂ ನಿಮ್ಮ ಧ್ವನಿಯಲ್ಲಿ ನಿಮ್ಮನ್ನೇ ಅಣಕಿಸುತ್ತ ನನ್ನನ್ನು ನಗಿಸಿದರು. ಆ ಕ್ಯಾಬಿನ್ನಿನಲ್ಲಿ ಅವರ ಪಕ್ಕ ನಾನು ಕೂತದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ ರೊಟ್ಟಿ ಕಟ್ಟಿ ಕೊಡುವಾಗ, ಅಣ್ಣನ ಕಡೆ ಹೋಗುತ್ತೀರಲ್ಲ ಎಂದು ಕೇಳಿದೆ. ‘ನಾಳಿ ಹೋಗ್ತೇನಿ. ಇವತ್ತ ಕಲ್ಲು ತಯಾರ ಐತಿ. ಅಂವ ಬೈದ್ರ ಬೈಲಿ, ನಮ್ಮಣ್ಣ ಅಲ್ಲೇನ’ ಎಂದು ಹೋದರು. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನನ್ನ ದಿನಚರಿಯಲ್ಲೂ ಅದನ್ನು ಬರೆಯಲು ಈ ತನಕ ಕೈ ಬಂದಿಲ್ಲ. ಅಮೀನಗಡ ದಾಟಿದ ಮೇಲೆ ಏರಿನಲ್ಲಿ ಪೈಪು ಕಳಚಿತು. ಗಾಳಿ ಹೊರಗೆ ಹೋಗಿ, ಡೀಸೆಲ್ ಸರಿಯಾಗಿ ಸುಡದೆ ಕರಿ ಹೊಗೆ ಎದ್ದಿತು, ಕಲ್ಲು ಹೊತ್ತ ಗಾಡಿ ಎಳೆಯಲಾರದೆ ನಿಂತಿತು. ಅವರು ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡಲು ಹೋದರು. ಹಿಂದಿನಿಂದ ಬಂದ ಟೆಂಪೋದವನಿಗೆ ಹೊಗೆಯಲ್ಲಿ ಲಾರಿಯೂ ಕಾಣಲಿಲ್ಲ, ಅವರೂ ಕಾಣಲಿಲ್ಲ. ಅಷ್ಟೇ. ಮಣ್ಣಿಗೆ ಬಂದ ಜನರೆಲ್ಲರ ಮುಂದೆ ಅವ್ವ ನಿಮ್ಮ ಅಂಗಿ ಹಿಡಿದು, ‘ನೀ ಬಿಗದ ಪೈಪು ಬಿಚ್ಚಿ ನನ್ನ ಮಗ ಹ್ವಾದ’ ಅಂದರು. ನೀವು ತಲೆ ಬಗ್ಗಿಸಿ ‘ಹೌದವಾ’ ಅಂದಿರಿ. ಮೂರನೆಯ ದಿನದ ಕಾರ್ಯ ಮುಗಿಸಿ, ಗ್ಯಾರೇಜಿನ ಕೀಲಿ ಅಫ್ಸರನ ಕೈಗೆ ಕೊಟ್ಟು ಹೋದಿರಿ. ಪೊಲೀಸ್ ಸ್ಟೇಷನ್ನಿನ ಮುಂದೆ ನಿಂತಿದ್ದ ಗಾಡಿಯ ಕಡೆ ನೀವು ಒಮ್ಮೆಯೂ ಹೋಗಿ ನೋಡಲಿಲ್ಲ.

ಆ ಗಾಡಿಯನ್ನು ಪೊಲೀಸರು ಈಗ ಬಿಟ್ಟುಕೊಟ್ಟಿದ್ದಾರೆ. ಅಫ್ಸರ ಅದನ್ನು ಗ್ಯಾರೇಜಿಗೆ ಎಳೆದು ತಂದು, ಕ್ಯಾಬಿನ್ನಿನಲ್ಲಿ ನಿಮ್ಮ ತಮ್ಮನ ಸಾಮಾನು ಇವೆ, ನೀವೇ ಬಂದು ತೆಗೆದುಕೊಳ್ಳಿ ಎಂದು ಹೇಳಿ ಕಳಿಸಿದ. ನಾನೊಬ್ಬಳೇ ಹೋದೆ. ನಿಮ್ಮನ್ನು ಹುಡುಕಿಕೊಂಡು ಬಂದಾಗ ಹೇಳಬೇಕೆಂದಿದ್ದದ್ದನ್ನು ಅವನು ಅಲ್ಲಿ ನನಗೆ ತೋರಿಸಿದ. ಇಂಟರ್‌ಕೂಲರ್ ಕಡೆಯ ತುದಿ ನೀವು ಕೂಡಿಸಿದ ಹಾಗೇ ಇದೆ ಭಾವ. ಪೈಪು, ಕ್ಲಾಂಪ್, ರಬ್ಬರ್ ಮೂರರ ಮೇಲೂ ಗೆರೆ ನೆಟ್ಟಗೆ ಇದೆ. ಕಳಚಿದ್ದು ಟರ್ಬೋ ಕಡೆಯ ತುದಿ. ಅಲ್ಲಿ ಕ್ಲಾಂಪ್ ಇನ್ನೂ ರಬ್ಬರಿಗೆ ನೇತಾಡುತ್ತಿದೆ, ಆದರೆ ರಬ್ಬರಿನ ಗೆರೆ ಮೇಲಿದ್ದರೆ ಕ್ಲಾಂಪಿನ ಮೇಲಿನ ಹಳದಿ ಚುಕ್ಕೆ ಕೆಳಗೆ ನೆಲ ನೋಡುತ್ತಿದೆ. ಕ್ಲಾಂಪ್ ಕೂಡಾ ನೀವು ಹೇಳಿದ ಜಾಗದಲ್ಲಿ ಇಲ್ಲ, ರಬ್ಬರಿನ ಅಂಚಿಗೇ ಬಂದು ಕೂತಿದೆ. ‘ಇದು ತಾನಾಗಿ ತಿರಗಿದ್ದಲ್ರಿ ವೈನಿ. ನಟ್ಟಿಗೆ ಪಾನಾ ಹಾಕಿದ ಹೊಸಾ ಗೀರು ನೋಡ್ರಿ. ಉಸ್ತಾದ ಗೆರಿ ಎಳದ ಮ್ಯಾಲ ಯಾರೋ ಬಿಚ್ಚಿ ಮತ್ತ ಹಾಕ್ಯಾರ’ ಅಂದ ಅಫ್ಸರ. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಆಮೇಲೆ ನಾನು ಡ್ರೈವರ್ ಸೀಟಿನ ಕೆಳಗಿನ ಡಬ್ಬಿ ತೆಗೆದೆ. ಒಂದು ಪಾನಾ, ಎಣ್ಣೆಯಲ್ಲಿ ತೊಯ್ದು ಒಣಗಿದ ಬಟ್ಟೆ, ಅದರೊಳಗೆ ಸುತ್ತಿಟ್ಟ ನಮ್ಮ ಮಗ್ಗದ ಎಣ್ಣೆ ಬಾಟಲಿ. ಕೂಸುಗಳ ಔಷಧದ ಆ ಸಣ್ಣ ಬಾಟಲಿ, ಬೂಚಿನ ಬದಲು ಕೆಂಪು ಸೆರಗಿನ ಚೂರು ತುರುಕಿದ್ದು. ಅವರು ಹೋದ ವಾರದಿಂದ ಅವ್ವ ಅದನ್ನು ಹುಡುಕುತ್ತಲೇ ಇದ್ದರು. ದುಃಖದ ನಡುವೆಯೂ, ‘ಲಾಳಿ ಎಣ್ಣಿ ಬಾಟ್ಲಿ ಯಾರ ಒಯ್ದ್ರು’ ಎಂದು ಓಣಿಯವರನ್ನೆಲ್ಲ ಕೇಳಿದ್ದರು. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಆ ಬೆಳಗು ನನ್ನ ಕಣ್ಣ ಮುಂದೆ ಬಂತು. ಪೈಪು ಸ್ವಲ್ಪ ಸರಿದು ಸೀಟಿ ಹೊಡೆಯುತ್ತಿದ್ದಿರಬೇಕು. ಗೆರೆ ಮುರಿದಿರಬೇಕು. ಹುನಗುಂದಕ್ಕೆ ಬಂದರೆ ನೀವು ಬೈಯುತ್ತೀರಿ, ಕಲ್ಲು ಹೇರುವುದು ತಪ್ಪುತ್ತದೆ. ತಾನೇ ಬಿಚ್ಚಿ ಹಾಕಲು ಹೋದಾಗ ಬಿಗಿ ರಬ್ಬರ್ ಪೈಪಿನ ಮೇಲೆ ಏರಿರಲಿಕ್ಕಿಲ್ಲ. ನೇಕಾರನ ಮಗ, ಲಾಳಿ ಬಿಗಿಯಾದರೆ ಎಣ್ಣೆ ಹಚ್ಚುವುದನ್ನು ಹುಟ್ಟಿದಾಗಿನಿಂದ ನೋಡಿದವರು. ಮಗ್ಗದ ಬಾಟಲಿ ಒಯ್ದಿರಬೇಕು. ಎಣ್ಣೆ ಹಚ್ಚಿದಾಗ ಪೈಪು ಸುಲಭವಾಗಿ ಒಳಗೆ ಹೋಯಿತು. ಸುಲಭವಾಗಿ ಹೋಯಿತೆಂದು ಅವರಿಗೆ ಖುಷಿಯೂ ಆಗಿದ್ದೀತು.

ಭಾವ, ನೀವು ಬಿಗಿದದ್ದು ಬಿಚ್ಚಲಿಲ್ಲ. ಈ ಒಂದು ಸಾಲು ಬರೆಯಲೆಂದೇ ಇಷ್ಟೆಲ್ಲ ಬರೆದೆ. ಬರೆದ ಮೇಲೆ ನನಗೆ ಹಗುರವೇನೂ ಆಗಲಿಲ್ಲ. ನಿಮ್ಮ ಎದೆಯ ಮೇಲಿನದನ್ನು ಎತ್ತಿ ಅವರ ಹೆಸರಿನ ಮೇಲೆ ಇಟ್ಟ ಹಾಗಾಯಿತು. ಬಸ್ಸಿನಲ್ಲಿ ತಿರುಗಿ ಬರುವಾಗ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಪಕ್ಕದಲ್ಲಿ ಕೂತ ಹೆಂಗಸು ‘ಯಾಕವಾ, ಅರಾಮಿಲ್ಲೇನು’ ಎಂದು ಕೇಳಿದಳು. ಬದುಕಿದ್ದರೆ ಜಗಳ ಮಾಡಿ, ಒಂದು ಹೊತ್ತು ಮಾತು ಬಿಟ್ಟು, ಸಂಜೆಗೆ ರೊಟ್ಟಿ ಬಡಿಯುವಷ್ಟರಲ್ಲಿ ಮರೆಯುತ್ತಿದ್ದೆ. ಈ ಸಿಟ್ಟನ್ನು ಈಗ ಯಾರ ಮುಂದೆ ಇಡಲಿ. ಮನೆಗೆ ಬಂದಾಗ ಗೂಟಕ್ಕೆ ಅವರ ಅಂಗಿ ನೇತಾಡುತ್ತಿತ್ತು, ಅದನ್ನು ನೋಡಿದ ಕೂಡಲೇ ಸಿಟ್ಟೂ ಹೋಯಿತು. ಆ ಸಿಟ್ಟಿದ್ದಾಗ ಒಂದಿಷ್ಟು ಆಸರೆಯಾದರೂ ಇತ್ತು.

ಅವ್ವನಿಗೆ ನಾನು ಹೇಳಿಲ್ಲ. ಬಾಟಲಿಯನ್ನು ಟ್ರಂಕಿನಲ್ಲಿ ನನ್ನ ಮದುವೆಯ ಸೀರೆಯ ಕೆಳಗೆ ಮುಚ್ಚಿಟ್ಟಿದ್ದೇನೆ. ಒಬ್ಬ ಮಗ ಹೋದ, ಇನ್ನೊಬ್ಬ ಮಗನ ಮೇಲೆ ಸಿಟ್ಟಾದರೂ ಇದೆ, ಆ ಸಿಟ್ಟನ್ನು ಹಿಡಿದುಕೊಂಡೇ ಅವರು ದಿನಾ ಬೆಳಿಗ್ಗೆ ಏಳುತ್ತಾರೇನೋ ಎಂದು ನನಗೆ ಭಯ. ಸತ್ತ ಮಗನದೇ ತಪ್ಪು ಎಂದು ಯಾವ ಬಾಯಿಂದ ಹೇಳಲಿ? ಹೇಳದಿದ್ದರೆ ನೀವು ಅಲ್ಲೇ ಮುದುಕರಾಗುತ್ತೀರಿ. ಎರಡರ ನಡುವೆ ಸಿಕ್ಕು ಕೂತಿದ್ದೇನೆ. ಸದ್ಯಕ್ಕೆ ನಿಮಗಾದರೂ ತಿಳಿಯಲಿ ಎಂದು ಬರೆದೆ. ನೀವು ಬನ್ನಿ ಎಂದು ಕೇಳಲು ನನಗೆ ಧೈರ್ಯವಿಲ್ಲ. ಹೊಟ್ಟೆ ತುಂಬ ಉಣ್ಣಿ, ನಿದ್ದೆ ಮಾಡಿ, ಅಷ್ಟು ಸಾಕು. ಗ್ಯಾರೇಜಿನ ಬೇವಿನ ಗಿಡ ಚಿಗುರಿದೆ. ನಿಮ್ಮ ಬಣ್ಣದ ಡಬ್ಬಿಯ ಮುಚ್ಚಳ ಸಡಿಲಾಗಿ ಬಣ್ಣ ಒಣಗುತ್ತಿತ್ತು, ನಾನು ಬಿಗಿಯಾಗಿ ಮುಚ್ಚಿ ಬಂದಿದ್ದೇನೆ. ಅಫ್ಸರ ನಿಮಗೆ ಸಲಾಂ ಹೇಳಿದ್ದಾನೆ. ನಾಳೆ ಬೆಳಿಗ್ಗೆ ಅವನ ಜೀಪು ಬಾದಾಮಿಗೆ ಹೋಗುತ್ತದೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ. ನೀವು ಒಳಗೆ ಹೋದರೆ ತೋಟದ ಮಾಲೀಕರ ಕೈಗೆ ಕೊಟ್ಟು ಬಾ ಎಂದಿದ್ದೇನೆ.

ಮಗಳ ಸಮಾನಳಾದವಳು ಎಂದು ತಿಳಿದು ಬರೆದದ್ದರಲ್ಲಿ ಹೆಚ್ಚು ಕಡಿಮೆ ಇದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ನಿಮ್ಮ ಮನೆಯ ಸೊಸೆ,
ಪ್ರಿಯದರ್ಶಿನಿ

ತಾ.ಕ.: ಸೋಮವಾರ ಬೆಳಿಗ್ಗೆ. ಅಫ್ಸರ ಹೊರಗೆ ಹಾರ್ನ್ ಹಾಕುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅವ್ವ ಈಗ ಹಾಸಿಗೆಯ ಬಟ್ಟೆ ಬೇಕೆಂದು ಟ್ರಂಕು ತೆಗೆದು ಬಾಟಲಿ ನೋಡಿದರು. ಎಲ್ಲಿತ್ತು ಎಂದು ಕೇಳಿದರು. ಲಾರಿಯಲ್ಲಿತ್ತು ಎಂದೆ. ಸುಳ್ಳು ಬಾಯಿಗೆ ಬರಲಿಲ್ಲ, ಗೆರೆಯದೂ ಕ್ಲಾಂಪಿನದೂ ಎಲ್ಲ ಹೇಳಿದೆ. ಅವ್ವ ಬೂಚಿನ ಬಟ್ಟೆ ತೆಗೆದು ಮೂಸಿ ನೋಡಿ, ‘ಕೂಡಿಸೋ ಕಡೆ ಎಣ್ಣಿ ಹಚ್ಚಿದ್ನ?’ ಎಂದರು. ಹೌದು ಎಂದೆ. ‘ಕೊಂಡಿ ಹಾಕಾಕಿ ಹೊಟ್ಯಾಗ ಹುಟ್ಟಿ ಕೂಡಿಸೋ ಕಡೆ ಎಣ್ಣಿ ಹಚ್ಚಿದ್ನ?’ ಎಂದು ಮತ್ತೆ ಅದನ್ನೇ ಕೇಳಿ, ಗೋಡೆಗೆ ಒರಗಿ ಕೂತರು. ಅಳಲಿಲ್ಲ. ಎದ್ದು ಮುಖ ತೊಳೆದು, ರೊಟ್ಟಿಯ ಗಂಟು ಕಟ್ಟಿಕೊಂಡು, ಈಗ ಜೀಪಿನಲ್ಲಿ ಹೋಗಿ ಕೂತಿದ್ದಾರೆ. ಈ ಕಾಗದ ನಿಮಗೆ ಕೊಡುವವರು ಅವರೇ. ತಪ್ಪಾಯಿತೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ, ನೀವೂ ಹೇಳಿಸಬೇಡಿ. ಆದರೆ ಭಾವ, ಈ ಸಲ ಬಳ್ಳಿಗಳೊಳಗೆ ಹೋಗಬೇಡಿ. ಕಣ್ಣು ಮಂಜಾದ ಅವ್ವ ಆ ಸಾಲುಗಳಲ್ಲಿ ನಿಮ್ಮನ್ನು ಹುಡುಕಲಾರರು.